ಆರ್‌ಸಿ ಹೆಲಿಕಾಪ್ಟರ್ ಶುರು ಮಾಡುವವರಿಗೆ: ಮೊದಲು ರಿಮೋಟ್, ಆಮೇಲೆ ಹೆಲಿ

ಆರ್‌ಸಿ ಹೆಲಿಕಾಪ್ಟರ್, ಅಂದರೆ ರಿಮೋಟ್‌ನಿಂದ ಹಾರಿಸುವ ಪುಟ್ಟ ಹೆಲಿಕಾಪ್ಟರ್, ಹಾರಿಸಬೇಕು ಅಂತ ಆಸೆಯಾದ ಕೂಡಲೇ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಯಾವ ಹೆಲಿ ತಗೊಳ್ಳಲಿ? ಹೆಲಿ ಆಮೇಲೆ ತಗೊಳ್ಳಿ. ಮೊದಲು ಒಂದು ಒಳ್ಳೆ ಟ್ರಾನ್ಸ್‌ಮಿಟರ್ (ಕೈಯಲ್ಲಿ ಹಿಡಿಯುವ ರಿಮೋಟ್) ತಗೊಂಡು, ಅದನ್ನು ಕಂಪ್ಯೂಟರಿಗೆ ಸಿಕ್ಕಿಸಿ, ಸಿಮ್ಯುಲೇಟರ್‌ನಲ್ಲಿ, ಅಂದರೆ ಹೆಲಿ ಹಾರಿಸಿ ಕಲಿಯುವ ಕಂಪ್ಯೂಟರ್ ಆಟದಲ್ಲಿ, ಮನಸ್ಸಿಗೆ ಬಂದಷ್ಟು ಸಲ ಬೀಳಿಸಿ. ಅಲ್ಲಿ ಬಿದ್ದರೆ ಒಂದು ಬಟನ್ ಒತ್ತಿದರೆ ಆಯಿತು. ನಿಜವಾದದ್ದು ಬಿದ್ದರೆ ಬ್ಲೇಡ್, ಮೇನ್ ಶಾಫ್ಟ್, ಗೇರ್ ಅಂತ ಪಟ್ಟಿ ಬೆಳೆಯುತ್ತಾ ಹೋಗುತ್ತದೆ, ಬೇಕಾದ ಪಾರ್ಟ್ ಕೈಗೆ ಸಿಗುವವರೆಗೆ ಹೆಲಿ ಮೂಲೆಯಲ್ಲೇ ಕೂತಿರುತ್ತದೆ.

ಡ್ರೋನ್ ಹಾರಿಸಿ ಅಭ್ಯಾಸ ಇದೆ, ಇದೂ ಬಂದುಬಿಡುತ್ತದೆ ಅಂದುಕೊಳ್ಳಬೇಡಿ. ಕ್ಯಾಮೆರಾ ಡ್ರೋನ್ ಸ್ಟಿಕ್ ಬಿಟ್ಟರೆ ಜಿಪಿಎಸ್ ನೋಡಿಕೊಂಡು ನಿಂತಲ್ಲೇ ನಿಲ್ಲುತ್ತದೆ. ಸಾಮಾನ್ಯ ಆರ್‌ಸಿ ಹೆಲಿ ಹಾಗಲ್ಲ, ಒಂದು ಕಡೆ ವಾಲಿತು ಅಂದರೆ ನೀವು ಎದುರು ಸ್ಟಿಕ್ ಕೊಡುವವರೆಗೆ ಆ ಕಡೆಗೇ ಜಾರುತ್ತಾ ಹೋಗುತ್ತದೆ. 1970ರ ಸುಮಾರಿಗೆ ಈ ಹವ್ಯಾಸಕ್ಕೆ ದಾರಿ ಮಾಡಿಕೊಟ್ಟ ಜರ್ಮನಿಯ ಡೀಟರ್ ಶ್ಲೂಟರ್ ಕಾಲದಲ್ಲಂತೂ ಹೆಲಿ ತಿರುಗಿದ್ದನ್ನು ಗುರುತಿಸಿ ತಾನೇ ಸರಿಪಡಿಸುವ ಎಲೆಕ್ಟ್ರಾನಿಕ್ ಗೈರೋ ಕೂಡ ಇರಲಿಲ್ಲ, ಬಾಲವನ್ನೂ ಬೆರಳಲ್ಲೇ ಹಿಡಿದು ನಿಲ್ಲಿಸಬೇಕಿತ್ತು. ಈಗ ಗೈರೋ ಬಹಳಷ್ಟು ಕೆಲಸ ಮಾಡುತ್ತದೆ. ಉಳಿದದ್ದು ನಿಮ್ಮ ಬೆರಳಿನದು.

ಟ್ರಾನ್ಸ್‌ಮಿಟರ್ ಆರಿಸುವಾಗ ಮೋಡ್ ನೋಡಿ, ಅಂದರೆ ಯಾವ ಸ್ಟಿಕ್ ಯಾವ ಕೆಲಸ ಮಾಡುತ್ತದೆ ಅನ್ನುವುದನ್ನು. ಮೋಡ್ 2ರಲ್ಲಿ ಎಡ ಸ್ಟಿಕ್ ಮೇಲೆ ಕೆಳಗೆ ಹೋದರೆ ಥ್ರಾಟಲ್ (ಹೆಲಿಯನ್ನು ಏರಿಸುವ, ಇಳಿಸುವ ನಿಯಂತ್ರಣ), ಪಕ್ಕಕ್ಕೆ ಹೋದರೆ ಬಾಲ ತಿರುಗುತ್ತದೆ. ಹೆಲಿಯನ್ನು ಹಿಂದೆ ಮುಂದೆ, ಅಕ್ಕಪಕ್ಕ ವಾಲಿಸುವುದು ಬಲ ಸ್ಟಿಕ್. ಮೋಡ್ 1ರಲ್ಲಿ ಥ್ರಾಟಲ್ ಬಲಗೈಗೆ ಬರುತ್ತದೆ. ಎರಡರಲ್ಲಿ ಯಾವುದೂ ಹೆಚ್ಚಲ್ಲ, ಆದರೆ ಒಮ್ಮೆ ಕಲಿತ ಮೇಲೆ ಬದಲಾಯಿಸುವುದು ತುಂಬಾ ಕಷ್ಟ. ನಿಮಗೆ ಹೇಳಿಕೊಡುವವರು ಯಾವುದರಲ್ಲಿ ಹಾರಿಸುತ್ತಾರೋ ಅದನ್ನೇ ಹಿಡಿಯಿರಿ, ಕೈ ಮೀರುವ ಹೊತ್ತಿಗೆ ರಿಮೋಟ್ ಅವರ ಕೈಗೆ ಕೊಡಬಹುದು. ರೇಡಿಯೋಮಾಸ್ಟರ್‌ನಂಥ ಟ್ರಾನ್ಸ್‌ಮಿಟರ್‌ಗಳು ಯುಎಸ್‌ಬಿ ವೈರಿನಲ್ಲಿ ನೇರವಾಗಿ ಜಾಯ್‌ಸ್ಟಿಕ್ ಆಗುತ್ತವೆ. ಸಿಮ್ಯುಲೇಟರ್‌ಗೆ ರಿಯಲ್‌ಫ್ಲೈಟ್, ಆಕ್ಯೂಆರ್‌ಸಿ, ಹೆಲಿ ಎಕ್ಸ್, ಯಾವುದಾದರೂ ಸರಿ. ಅದರಲ್ಲಿ ಕೂತು ಲೂಪ್ ಹೊಡೆಯುವುದು ಮಜಾ ಕೊಡುತ್ತದೆ, ಗೊತ್ತು. ಆದರೆ ಅಲ್ಲಿಯೂ ಬೇಕಾಗಿರುವುದು ಹೋವರ್, ಅಂದರೆ ಒಂದೇ ಜಾಗದಲ್ಲಿ ಗಾಳಿಯಲ್ಲಿ ನಿಲ್ಲಿಸುವುದು.

ಈಗ ಹೆಲಿಗೆ ಬರೋಣ. ಮೇಲೊಂದು ಕೆಳಗೊಂದು ರೋಟರ್ ಇರುವ ಮೂರು ಚಾನೆಲ್ (ಒಂದೊಂದು ಚಾನೆಲ್ ಒಂದೊಂದು ನಿಯಂತ್ರಣಕ್ಕೆ) ಆಟಿಕೆ ಪಕ್ಕಕ್ಕೆ ವಾಲುವುದೇ ಇಲ್ಲ, ಹಾಗಾಗಿ ಅದರಿಂದ ಕಲಿಯುವುದು ಕಡಿಮೆ. ನಾಲ್ಕು ಚಾನೆಲ್‌ನ ಚಿಕ್ಕ ಫಿಕ್ಸೆಡ್ ಪಿಚ್ ಹೆಲಿ (ಬ್ಲೇಡಿನ ಕೋನ ಬದಲಾಗದ್ದು), ವಿ911 ತರಹದ್ದು, ಮನೆಯೊಳಗೆ ಕೈ ಪಳಗಿಸಲು ಚೆನ್ನಾಗಿರುತ್ತದೆ. ಹಗುರ ಇರುವುದರಿಂದ ಗೋಡೆಗೆ ಹೊಡೆದರೂ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಇದರಲ್ಲಿ ಮೇಲೇರಬೇಕಾದರೆ ರೋಟರ್ ಜೋರಾಗಿ ತಿರುಗಬೇಕು. ಕಲೆಕ್ಟಿವ್ ಪಿಚ್ ಹೆಲಿಯಲ್ಲಿ ರೋಟರ್ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ತಿರುಗುತ್ತಿರುತ್ತದೆ, ಬ್ಲೇಡಿನ ಕೋನ ಬದಲಾಗಿ ಹೆಲಿ ಏರುತ್ತದೆ, ಇಳಿಯುತ್ತದೆ. ಸ್ಟಿಕ್ ಮುಟ್ಟಿದ ತಕ್ಷಣ ಮಾತು ಕೇಳುತ್ತದೆ, ಗಾಳಿಯನ್ನೂ ತಡೆದುಕೊಳ್ಳುತ್ತದೆ, ತಪ್ಪಿದರೆ ಅಷ್ಟೇ ಬೇಗ ನೆಲಕ್ಕೂ ಬಡಿಯುತ್ತದೆ. ಸಿಮ್ಯುಲೇಟರ್‌ನಲ್ಲಿ ಹೋವರ್ ಕೂತ ಮೇಲೆ ಓಎಂಪಿ ಎಂ2 ಗಾತ್ರದ ಒಂದು ಕಲೆಕ್ಟಿವ್ ಪಿಚ್ ಹೆಲಿಗೆ ಹೋಗಬಹುದು. ತಗೊಳ್ಳುವ ಮುಂಚೆ ಅದರ ಬಿಡಿಭಾಗಗಳು ಸುಲಭವಾಗಿ ಸಿಗುತ್ತವಾ ನೋಡಿ. ಪಾರ್ಟ್ ಸಿಗದ ಹೆಲಿ ಎಷ್ಟೇ ಚೆಂದ ಇದ್ದರೂ ಬೇಡ. ಸೆಕೆಂಡ್ ಹ್ಯಾಂಡ್ ದೊಡ್ಡ ಹೆಲಿ ಅಗ್ಗಕ್ಕೆ ಸಿಕ್ಕಿತು ಅಂತ ಅದರಲ್ಲೇ ಶುರು ಮಾಡುವುದಂತೂ ಬೇಡವೇ ಬೇಡ.

ಯಾಕೆ ಅಂದರೆ, 450 ಗಾತ್ರದ ಹೆಲಿಯ ಬ್ಲೇಡ್ ಒಂದೊಂದೂ ಸುಮಾರು 325 ಮಿಲಿಮೀಟರ್ ಇರುತ್ತದೆ. ಅದು ನಿಮಿಷಕ್ಕೆ 2800 ಸುತ್ತು ತಿರುಗುವಾಗ ಬ್ಲೇಡಿನ ತುದಿ ಗಂಟೆಗೆ 350 ಕಿಲೋಮೀಟರಿಗಿಂತ ಜಾಸ್ತಿ ವೇಗದಲ್ಲಿರುತ್ತದೆ. ಇದು ಹವ್ಯಾಸಿಗಳಲ್ಲಿ ಮಧ್ಯಮ ಗಾತ್ರವೂ ಅಲ್ಲ, ಇದಕ್ಕಿಂತ ದೊಡ್ಡವು ಬೇಕಾದಷ್ಟಿವೆ. ಈ ಗಾತ್ರಕ್ಕೇ ಹತ್ತು ಮೀಟರ್ ದೂರ ನಿಲ್ಲಿ, ನಿಮ್ಮ ಮುಂದೆ ಯಾರೂ ಓಡಾಡದ ಜಾಗ ಆರಿಸಿಕೊಳ್ಳಿ, ಮಕ್ಕಳು ನಾಯಿಗಳು ಬಂದರೆ ಇಳಿಸಿಬಿಡಿ. ಡ್ರೋನ್‌ಗೆ ಇರುವ ಹಾರಾಟದ ನಿಯಮಗಳು ಬಹಳ ಕಡೆ ಇದಕ್ಕೂ ಅನ್ವಯಿಸುತ್ತವೆ, ಅದನ್ನೂ ಒಮ್ಮೆ ನೋಡಿಕೊಳ್ಳಿ.

ಬ್ಯಾಟರಿ ವಿಷಯದಲ್ಲಿ ಸೋಮಾರಿತನ ಬೇಡ. ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿಯ ಒಂದು ಸೆಲ್ ಪೂರ್ತಿ ಚಾರ್ಜ್ ಆದಾಗ 4.2 ವೋಲ್ಟ್. 3 ವೋಲ್ಟಿಗಿಂತ ಕೆಳಗೆ ಇಳಿದರೆ ಕೆಟ್ಟಿತು ಅಂತಲೇ ಲೆಕ್ಕ. ಮೂರು ಸೆಲ್ ಪ್ಯಾಕ್ ಅಂದರೆ ಪೂರ್ತಿ 12.6. ಎಲ್ಲ ಸೆಲ್‌ಗಳನ್ನೂ ಸಮನಾಗಿ ತುಂಬಿಸುವ ಬ್ಯಾಲೆನ್ಸ್ ಚಾರ್ಜರ್‌ನಲ್ಲೇ ಹಾಕಿ, 1ಸಿ ಮೀರಬೇಡಿ, ಅಂದರೆ 1300 ಎಂಎಎಚ್ ಪ್ಯಾಕಿಗೆ 1.3 ಆಂಪ್. ಚಾರ್ಜಿಗೆ ಹಾಕಿ ಮಲಗಬೇಡಿ, ಹೊರಗೂ ಹೋಗಬೇಡಿ. ಮೊದಮೊದಲು ನಾಲ್ಕು ನಿಮಿಷಕ್ಕೆ ಟೈಮರ್ ಇಟ್ಟು ಹಾರಿಸಿ, ಇಳಿಸಿದ ಮೇಲೆ ಸ್ವಲ್ಪ ಬಿಟ್ಟು ವೋಲ್ಟೇಜ್ ನೋಡಿ. ಸೆಲ್ಲಿಗೆ 3.7ಕ್ಕಿಂತ ಕಡಿಮೆ ಇದ್ದರೆ ಟೈಮರ್ ಇನ್ನೂ ಕಡಿಮೆ ಮಾಡಿ. ನಾಳೆ ಹಾರಿಸುವುದಿಲ್ಲ ಅಂತಾದರೆ 3.8ರ ಸುಮಾರಿಗೆ ತಂದು ಎತ್ತಿಡಿ. ಊದಿಕೊಂಡ ಪ್ಯಾಕ್ ಇನ್ನೊಂದು ಸಲ ಹಾರಬಹುದೇನೋ ಅಂತ ಯೋಚಿಸಲೂ ಬೇಡಿ.

ಹಾರಿಸುವ ಮುಂಚೆ ಎರಡು ನಿಮಿಷ ಹೆಲಿಯನ್ನು ಕೈಯಲ್ಲಿ ಹಿಡಿದು ನೋಡಿ. ಮೇನ್ ಬ್ಲೇಡ್ ಎರಡನ್ನೂ ನೇರ ಮಾಡಿ ಹೆಲಿಯನ್ನು ಪಕ್ಕಕ್ಕೆ ಮಲಗಿಸಿ ಹಿಡಿಯಿರಿ. ಬ್ಲೇಡ್ ತಾನಾಗಿ ಜೋತು ಬೀಳಬಾರದು, ಸ್ವಲ್ಪ ಅಲ್ಲಾಡಿಸಿದರೆ ಇಳಿಯಬೇಕು, ಬೋಲ್ಟ್ ಅಷ್ಟು ಬಿಗಿ ಇದ್ದರೆ ಸರಿ. ಲಿಂಕ್‌ಗಳನ್ನು (ರೋಟರಿನ ಭಾಗಗಳನ್ನು ಜೋಡಿಸುವ ಸಣ್ಣ ಕಡ್ಡಿಗಳು) ಬೆರಳಲ್ಲಿ ಮೆಲ್ಲಗೆ ಎಳೆದು ನೋಡಿ. ಲೋಹಕ್ಕೆ ಲೋಹ ಕೂರುವ ಸ್ಕ್ರೂಗಳಿಗೆಲ್ಲ ನೀಲಿ ಥ್ರೆಡ್‌ಲಾಕ್ (ಸ್ಕ್ರೂ ಹಿಡಿದಿಡುವ ಅಂಟು) ಬಿದ್ದಿರಬೇಕು, ಇಲ್ಲದಿದ್ದರೆ ನಡುಕಕ್ಕೆ ಸಡಿಲವಾಗಿಯೇ ಆಗುತ್ತವೆ.

ಹೊಸ ಹೆಲಿಯಾದರೆ, ಅಥವಾ ಬಿಚ್ಚಿ ಜೋಡಿಸಿದ್ದಾದರೆ, ಗೈರೋ ಸರಿ ದಿಕ್ಕಿಗೆ ಕೆಲಸ ಮಾಡುತ್ತಿದೆಯಾ ನೋಡದೆ ಹಾರಿಸಲೇಬಾರದು. ಮೋಟರ್ ವೈರ್ ಬಿಚ್ಚಿಟ್ಟು ಪವರ್ ಕೊಡಿ. ಹೆಲಿಯನ್ನು ಮುಂದಕ್ಕೆ ಬಾಗಿಸಿದರೆ ಸ್ವಾಶ್‌ಪ್ಲೇಟ್ (ರೋಟರ್ ಕೆಳಗೆ ಶಾಫ್ಟಿನ ಸುತ್ತ ಇರುವ, ಬ್ಲೇಡಿನ ಕೋನ ಬದಲಿಸುವ ತಟ್ಟೆ) ಹಿಂದಕ್ಕೆ ವಾಲಬೇಕು, ಬಲಕ್ಕೆ ಬಾಗಿಸಿದರೆ ಎಡಕ್ಕೆ. ನೀವು ಮಾಡಿದ್ದಕ್ಕೆ ಅದು ಎದುರು ಹೋಗಬೇಕು. ಇದು ಉಲ್ಟಾ ಇದ್ದರೆ ಹೆಲಿ ನೆಲ ಬಿಡುವ ಮೊದಲೇ ಮಗುಚುತ್ತದೆ, ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಬಾಲಕ್ಕೂ ಇದೇ ಪರೀಕ್ಷೆ.

ಪವರ್ ಕೊಡುವಾಗ ಟ್ರಾನ್ಸ್‌ಮಿಟರ್ ಮೊದಲು ಆನ್, ಹೆಲಿ ಆಮೇಲೆ. ಆಫ್ ಮಾಡುವಾಗ ಉಲ್ಟಾ. ಬ್ಯಾಟರಿ ಸಿಕ್ಕಿಸಿದ ಮೇಲೆ ಗೈರೋ ಸಿದ್ಧವಾಗುವವರೆಗೆ ಹೆಲಿಯನ್ನು ಅಲ್ಲಾಡಿಸಬೇಡಿ. ಮೋಟರ್ ನಿಲ್ಲಿಸುವ ಥ್ರಾಟಲ್ ಹೋಲ್ಡ್ ಸ್ವಿಚ್ ಎಲ್ಲಿದೆ ಅಂತ ನೋಡದೆಯೇ ಬೆರಳಿಗೆ ಗೊತ್ತಿರಬೇಕು. ಹೆಲಿ ಬೀಳುತ್ತಿದೆ ಅನ್ನಿಸಿದ ಕ್ಷಣ ಅದನ್ನು ಹೊಡೆಯಿರಿ. ಮೋಟರ್ ನಿಂತು ಬಿದ್ದರೆ ಒಂದೆರಡು ಪಾರ್ಟ್ ಹೋಗಬಹುದು, ಮೋಟರ್ ತಿರುಗುತ್ತಲೇ ಬಿದ್ದರೆ ಗೇರಿನ ಹಲ್ಲು ಉದುರುತ್ತದೆ, ಕೆಲವೊಮ್ಮೆ ಮೋಟರೂ ಸುಡುತ್ತದೆ.

ಮೊದಲ ಸಲಕ್ಕೆ ಕಾಲಿಗೆ ಟ್ರೈನಿಂಗ್ ಗೇರ್ ಕಟ್ಟಿ, ಅದೇ ಕಡ್ಡಿ ತುದಿಗೆ ಚೆಂಡು ಸಿಕ್ಕಿಸಿದ್ದು. ನೆಲ ನುಣ್ಣಗಿರಲಿ, ಎತ್ತರದ ಹುಲ್ಲಿಗೆ ಸಿಕ್ಕಿಕೊಂಡರೆ ಹೆಲಿ ಮಗುಚುತ್ತದೆ. ಗಾಳಿ ಇಲ್ಲದ ಬೆಳಗ್ಗೆಯೇ ಒಳ್ಳೆಯದು. ಹೆಲಿಯ ಬಾಲ ನಿಮ್ಮ ಕಡೆ, ಮೂತಿ ಆಚೆ. ನಿಧಾನಕ್ಕೆ ಥ್ರಾಟಲ್ ಏರಿಸಿ. ಕಾಲು ಹಗುರಾಗುತ್ತಿದ್ದಂತೆ ಹೆಲಿ ಎಡಕ್ಕೆ ಸರಿಯಲು ಶುರುವಾಗುತ್ತದೆ. ಗಾಬರಿ ಬೇಡ, ಕೆಟ್ಟಿಲ್ಲ. ಹೆಚ್ಚಿನ ಆರ್‌ಸಿ ಹೆಲಿಗಳ ಮೇನ್ ರೋಟರ್ ಮೇಲಿಂದ ನೋಡಿದರೆ ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ, ಅದರಿಂದ ಮೈ ತಿರುಗದಂತೆ ಬಾಲದ ರೋಟರ್ ತಡೆಯುವಾಗ ಇಡೀ ಹೆಲಿಯನ್ನೂ ಎಡಕ್ಕೆ ತಳ್ಳುತ್ತದೆ. ಚೂರು ಬಲಕ್ಕೆ ಹಿಡಿಯಿರಿ. ಸರಿಯಾಗಿ ಹೋವರ್ ಮಾಡುವ ಹೆಲಿ ಸ್ವಲ್ಪ ಬಲಕ್ಕೆ ವಾಲಿಕೊಂಡೇ ನಿಂತಿರುತ್ತದೆ.

ಭಯಕ್ಕೆ ಎಲ್ಲರೂ ನೆಲಕ್ಕೆ ಅಂಟಿಸಿಕೊಂಡೇ ಹಾರಿಸುತ್ತಾರೆ. ಅಲ್ಲೇ ಕಷ್ಟ ಜಾಸ್ತಿ, ಯಾಕೆಂದರೆ ರೋಟರ್ ಕೆಳಗೆ ತಳ್ಳಿದ ಗಾಳಿ ನೆಲಕ್ಕೆ ಬಡಿದು ಹೆಲಿಯನ್ನೇ ಅಲ್ಲಾಡಿಸುತ್ತದೆ. ಸಣ್ಣ ಸಣ್ಣ ಜಿಗಿತ ಸಾಕಾದ ಮೇಲೆ ಕಣ್ಣಿನ ಮಟ್ಟಕ್ಕೆ ಏರಿಸಿ, ಎಷ್ಟು ಸಮಾಧಾನವಾಗಿ ನಿಲ್ಲುತ್ತದೆ ನೋಡಿ. ಸ್ಟಿಕ್ ಒತ್ತಿ ಹಿಡಿಯಬೇಡಿ, ಚೂರು ಕೊಟ್ಟು ವಾಪಸ್ ತನ್ನಿ. ಬಾಲ ನೋಡಿಕೊಂಡು ಹಾರಿಸಬೇಡಿ, ಕಣ್ಣು ಮೂತಿಯ ಮೇಲಿರಲಿ.

ಬಾಲ ನಿಮ್ಮ ಕಡೆ ಇಟ್ಟು ಒಂದು ಬ್ಯಾಟರಿ ಪೂರ್ತಿ ನಿಲ್ಲಿಸಲು ಬಂದ ಮೇಲೆ ಹೆಲಿಯನ್ನು ಪಕ್ಕಕ್ಕೆ ತಿರುಗಿಸಿ, ಎಡ ಬಲ ಎರಡೂ. ಆಮೇಲೆ ಮೂತಿ ನಿಮ್ಮ ಕಡೆ. ಇಲ್ಲಿ ಎಡ ಬಲ ಅದಲುಬದಲಾಗಿ ತಲೆ ಕೆಡುತ್ತದೆ, ಬಹಳ ಜನ ಇಲ್ಲೇ ಕೈಬಿಡುತ್ತಾರೆ. ಒಂದು ಉಪಾಯ ಇದೆ: ಹೆಲಿ ನಿಮಗೆ ಯಾವ ಕಡೆ ವಾಲಿದಂತೆ ಕಾಣುತ್ತದೋ ಸ್ಟಿಕ್ಕನ್ನು ಅದೇ ಕಡೆಗೆ ತಳ್ಳಿ, ವಾಲಿದ ಕಡೆಗೆ ಕೆಳಗಿನಿಂದ ಊರುಗೋಲು ಕೊಟ್ಟ ಹಾಗೆ. ಕೆಲವು ದಿನ ಹೀಗೆ ಯೋಚಿಸಿಕೊಂಡು ಮಾಡಿದರೆ ಆಮೇಲೆ ಬೆರಳು ತಾನೇ ಹೋಗುತ್ತದೆ. ಇದನ್ನೂ ಮೊದಲು ಸಿಮ್ಯುಲೇಟರ್‌ನಲ್ಲೇ ಮಾಡಿ ಅಂತ ಮತ್ತೆ ಹೇಳಬೇಕಾಗಿಲ್ಲ ಅಲ್ವಾ.

ಇಳಿಸುವಾಗ ಎತ್ತರದಿಂದ ನೇರ ಕೆಳಗೆ ಬೇಗ ಇಳಿಸಬೇಡಿ. ಹೆಲಿ ತಾನೇ ತಳ್ಳಿದ ಗಾಳಿಯೊಳಗೆ ಕುಸಿಯುತ್ತದೆ, ಥ್ರಾಟಲ್ ಕೊಟ್ಟರೂ ನಿಲ್ಲುವುದಿಲ್ಲ. ಸ್ವಲ್ಪ ಮುಂದಕ್ಕೆ ಚಲಿಸುತ್ತಾ ಇಳಿಸಿ.

ಬಿದ್ದಿತು ಅಂದುಕೊಳ್ಳಿ, ಬೀಳುತ್ತದೆ. ಮೊದಲು ಬ್ಯಾಟರಿ ತೆಗೆದು ಪಕ್ಕಕ್ಕಿಡಿ. ಮೇನ್ ಶಾಫ್ಟ್ ಮತ್ತು ಸ್ಪಿಂಡಲ್ (ಎರಡೂ ಬ್ಲೇಡುಗಳನ್ನು ಹಿಡಿಯುವ ಅಡ್ಡ ಕಡ್ಡಿ) ಬಿಚ್ಚಿ ಗಾಜಿನ ಮೇಲೆ ಉರುಳಿಸಿ, ಬಾಗಿದ್ದರೆ ಕುಂಟುತ್ತಾ ಉರುಳುತ್ತದೆ, ಕಣ್ಣಿಗೇ ಕಾಣುತ್ತದೆ. ಬಾಗಿದ್ದನ್ನು ನೇರ ಮಾಡಲು ಹೋಗಬೇಡಿ, ಬದಲಾಯಿಸಿ. ಬಿರುಕು ಬಿಟ್ಟ ಬ್ಲೇಡಿಗೆ ಅಂಟು ಹಾಕುವುದೂ ಬೇಡ, ಅಷ್ಟು ವೇಗದಲ್ಲಿ ಅದು ತುಂಡಾಗಿ ಯಾವ ಕಡೆಗೆ ಬೇಕಾದರೂ ಹಾರಬಹುದು.

ನಾಲ್ಕೂ ದಿಕ್ಕಿನ ಹೋವರ್ ಆದ ಮೇಲೆ ನಿಧಾನವಾಗಿ ಎಂಟರ ಆಕಾರದಲ್ಲಿ ಹಾರಿಸಿ, ಎರಡೂ ತುದಿಯಲ್ಲಿ ನಿಮ್ಮಿಂದ ಆಚೆಗೆ ತಿರುಗುವ ಹಾಗೆ ಮೊದಲು, ನಿಮ್ಮ ಕಡೆಗೆ ತಿರುಗುವ ಹಾಗೆ ಆಮೇಲೆ. ಐಡಲ್ ಅಪ್ ಸ್ವಿಚ್ಚು (ಸ್ಟಿಕ್ ಕೆಳಗೆ ತಂದರೂ ರೋಟರ್ ವೇಗ ಇಳಿಯದಂತೆ ಇಡುವುದು), ಉಲ್ಟಾ ಹಾರಾಟ, 3ಡಿ ಕಸರತ್ತು, ಇವೆಲ್ಲ ಅದಾದ ಮೇಲೆ.