ಕಡ್ಡಿ ತುದಿಯಷ್ಟು ಜೇಡಿ: ಸೂಕ್ಷ್ಮ ಪಳೆಯುಳಿಕೆಗಳಿಂದ ಪದರದ ವಯಸ್ಸು ಹಿಡಿಯುವ ಬಗೆ

ಪಳೆಯುಳಿಕೆಯ ಹೆಸರು ಗೊತ್ತಾದ ತಕ್ಷಣ ಪದರದ ವಯಸ್ಸು ಸಿಗುವುದಿಲ್ಲ. ಆ ಪ್ರಭೇದ ಹತ್ತಾರು ಲಕ್ಷ ವರ್ಷ ಬದುಕಿದ್ದರೆ, ಪದರವೂ ಆ ಅವಧಿಯೊಳಗೆ ಎಲ್ಲೋ ಇದೆ ಎಂದಷ್ಟೇ ಹೇಳಬಹುದು. ವಯಸ್ಸು ಹೇಳುವುದು ಎರಡು ಮಟ್ಟಗಳು: ಪ್ರಭೇದ ಮೊದಲು ಕಾಣಿಸಿದ ಮಟ್ಟ ಮತ್ತು ಕೊನೆಗೆ ಕಾಣೆಯಾದ ಮಟ್ಟ. ಇಂಥ ಹಲವು ಘಟನೆಗಳು ಒಂದೇ ಸ್ಥಳದ ಪದರಗಳ ಸಾಲಿನಲ್ಲಿ ಸರಿಯಾದ ಅನುಕ್ರಮದಲ್ಲಿ ಸಿಕ್ಕರೆ ಮಾತ್ರ ಲೆಕ್ಕಕ್ಕೆ ಬಲ ಬರುತ್ತದೆ.

ಯಾವ ಗುಂಪನ್ನು ಹುಡುಕಬೇಕೆಂಬುದನ್ನು ಶಿಲೆಯೇ ತೀರ್ಮಾನಿಸುತ್ತದೆ. ಸುಣ್ಣಮಿಶ್ರಿತ ಬೂದು ಜೇಡಿಯಲ್ಲಿ ನ್ಯಾನೊಫಾಸಿಲ್ (ತೇಲುವ ಪಾಚಿಗಳ ಅತಿಸೂಕ್ಷ್ಮ ಸುಣ್ಣದ ಫಲಕಗಳು) ಮತ್ತು ತೇಲುವ ಫೊರಾಮಿನಿಫೆರಾ (ಸುಣ್ಣದ ಚಿಪ್ಪಿನ ಏಕಕೋಶ ಜೀವಿಗಳು); ಕೇಂಬ್ರಿಯನ್ ಯುಗದಿಂದ ಟ್ರಯಾಸಿಕ್ ಯುಗದವರೆಗಿನ ಸುಣ್ಣಕಲ್ಲಿನಲ್ಲಿ ಕಾನೊಡಾಂಟ್ (ಹಾವುಮೀನಿನಂಥ ಅಳಿದ ಪ್ರಾಣಿಯ ಹಲ್ಲಿನಂಥ ತುಣುಕುಗಳು); ಚರ್ಟ್ ಎಂಬ ಗಟ್ಟಿ ಸಿಲಿಕಾ ಶಿಲೆಯಲ್ಲಿ ರೇಡಿಯೊಲೇರಿಯಾ (ಸಿಲಿಕಾ ಹಂದರದ ಏಕಕೋಶ ಜೀವಿಗಳು). ಆಳ ಸಮುದ್ರದಲ್ಲಿ ಕ್ಯಾಲ್ಸೈಟ್ ಕರಗುವ ಮಟ್ಟಕ್ಕಿಂತ ಕೆಳಗೆ ಕೂತ ಕೆಸರಿನಲ್ಲಿ ಸುಣ್ಣದ ಚಿಪ್ಪು ಹುಡುಕುತ್ತಾ ದಿನ ಕಳೆಯಬೇಡಿ.

ಮಾದರಿಯನ್ನು ಕೆಳಗಿನಿಂದ ಮೇಲಕ್ಕೆ ತೆಗೆಯಿರಿ. ಮೇಲಿನಿಂದ ಶುರು ಮಾಡಿದರೆ ಉದುರುವ ಪುಡಿ ಕೆಳಗಿನ ಪದರಕ್ಕೆ ಬೆರೆಯುತ್ತದೆ. ಹೊರಮೈಯನ್ನು 10-20 ಸೆಂ.ಮೀ. ಕೆತ್ತಿ, ಒಳಗಿನ ತಾಜಾ ಶಿಲೆ ಕಂಡಮೇಲೆ ತೆಗೆದುಕೊಳ್ಳಿ. ಹಳದಿ ಕಂದು ಕಲೆಯಿರುವ ಭಾಗವನ್ನು ಬಿಡಿ: ಅಲ್ಲಿ ಪೈರೈಟ್ ಕೊಳೆತು ಗಂಧಕಾಮ್ಲ ಹುಟ್ಟಿರುತ್ತದೆ, ಚಿಪ್ಪುಗಳು ಆಗಲೇ ಕರಗಿರುತ್ತವೆ. ಫೊರಾಮಿನಿಫೆರಾಗೆ 100-200 ಗ್ರಾಂ, ಕಾನೊಡಾಂಟ್‌ಗೆ 2 ಕೆ.ಜಿ.ಯಾದರೂ ಬೇಕು. ನ್ಯಾನೊಫಾಸಿಲ್‌ಗೆ ಬಟಾಣಿಯಷ್ಟು ತುಂಡು ಸಾಕು.

ಫೊರಾಮಿನಿಫೆರಾಗೆ ಜೇಡಿಯನ್ನು 50 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪೂರ್ತಿ ಒಣಗಿಸಿ, ಸೀಮೆಎಣ್ಣೆಯಲ್ಲಿ ಕೆಲವು ಗಂಟೆ ನೆನೆಸಿ, ಎಣ್ಣೆ ಬಸಿದು ನೀರು ಹಾಕಿ. ರಂಧ್ರಗಳಿಗೆ ನುಗ್ಗುವ ನೀರು ಜೇಡಿಯನ್ನು ತಾನೇ ಕುಸಿಯುವಂತೆ ಮಾಡುತ್ತದೆ. ಒಣಗಿಸುವುದರಲ್ಲಿ ಅವಸರ ಮಾಡಿದರೆ ಈ ವಿಧಾನ ಕೈಕೊಡುತ್ತದೆ, ಏಕೆಂದರೆ ತೇವ ಉಳಿದ ಕಡೆ ಎಣ್ಣೆ ಒಳಹೋಗುವುದೇ ಇಲ್ಲ. ಎಣ್ಣೆ ಬಳಸುವಾಗ ಬೆಂಕಿ ದೂರವಿರಲಿ, ಗಾಳಿ ಆಡುತ್ತಿರಲಿ. ನಂತರ 63 ಮೈಕ್ರಾನ್ ಜರಡಿಯಲ್ಲಿ ತೊಳೆಯಿರಿ. ಕ್ರಿಟೇಷಿಯಸ್ ಅಂತ್ಯದ, ಅಂದರೆ 6.6 ಕೋಟಿ ವರ್ಷ ಹಿಂದಿನ ಗಡಿಯ ಬಳಿ 150 ಮೈಕ್ರಾನ್ ಜರಡಿಯನ್ನೇ ನೆಚ್ಚಿಕೊಂಡರೆ ದೊಡ್ಡ ತಪ್ಪಾಗುತ್ತದೆ. ಗಡಿಯ ಕೆಳಗಿನ ದೊಡ್ಡ ಗ್ಲೋಬೊಟ್ರಂಕಾನಾಗಳು (ಒಂದು ಬಗೆಯ ಫೊರಾಮಿನಿಫೆರಾ) ಜರಡಿಯಲ್ಲಿ ನಿಲ್ಲುತ್ತವೆ. ಗಡಿ ದಾಟಿದ ಮೇಲೆ ಹುಟ್ಟಿದ ಪುಟಾಣಿಗಳೆಲ್ಲ ನೀರಿನ ಜೊತೆ ಹೋಗಿಬಿಡುತ್ತವೆ. ಆ ಪದರದಲ್ಲಿ ಜೀವವೇ ಇರಲಿಲ್ಲ ಎನ್ನುವ ಸುಳ್ಳು ಚಿತ್ರ ಕೈಗೆ ಬರುತ್ತದೆ. ಪ್ರತಿ ಮಾದರಿಯ ನಂತರ ಜರಡಿಯನ್ನು ಮಿಥಿಲೀನ್ ಬ್ಲೂ ದ್ರಾವಣದಲ್ಲಿ ಅದ್ದಿ. ಮುಂದಿನ ಮಾದರಿಯಲ್ಲಿ ನೀಲಿ ಚಿಪ್ಪು ಕಂಡರೆ ಅದು ಹಿಂದಿನದ್ದು, ಎಣಿಸಬೇಡಿ.

ಕಾನೊಡಾಂಟ್‌ಗೆ, ಸುಣ್ಣಕಲ್ಲನ್ನು ಕರಗಿಸಲು, ಶೇ. 10ರ ಅಸಿಟಿಕ್ ಆಮ್ಲ. ಹೈಡ್ರೋಕ್ಲೋರಿಕ್ ಆಮ್ಲ ಬೇಗ ಕೆಲಸ ಮುಗಿಸುತ್ತದೆ ನಿಜ, ಆದರೆ ಕಾನೊಡಾಂಟ್‌ನ ಅಪಟೈಟ್ ಖನಿಜವನ್ನೂ ತಿಂದುಹಾಕುತ್ತದೆ. ಚರ್ಟ್‌ಗೆ ಬೇಕಾದ ಹೈಡ್ರೋಫ್ಲೋರಿಕ್ ಆಮ್ಲವನ್ನು ತರಬೇತಿಯಿಲ್ಲದವರು ಮುಟ್ಟಲೇಬಾರದು. ಅದು ಚರ್ಮದ ಮೂಲಕ ಇಳಿದು ಜೀವಕ್ಕೇ ಅಪಾಯ ತರುತ್ತದೆ.

ನ್ಯಾನೊಫಾಸಿಲ್ ಸ್ಲೈಡ್ ಇವೆಲ್ಲಕ್ಕಿಂತ ಸುಲಭ. ಹಲ್ಲುಕಡ್ಡಿಯ ತುದಿಯಷ್ಟು ತಾಜಾ ಪುಡಿಯನ್ನು ಕವರ್ ಗ್ಲಾಸಿನ ಮೇಲಿನ ಒಂದು ಹನಿ ನೀರಿಗೆ ಹಾಕಿ, ತೆಳುವಾಗಿ ಸವರಿ, ಬಿಸಿ ತಟ್ಟೆಯ ಮೇಲೆ ಒಣಗಿಸಿ, ಅಂಟು ಹಾಕಿ ಸ್ಲೈಡಿಗೆ ಕೂರಿಸಿ. ಸರಿಯಾಗಿ ಸವರಿದ್ದು ಮಂಜು ಹಿಡಿದ ಗಾಜಿನಂತೆ ಕಾಣುತ್ತದೆ. ಬೆಳ್ಳಗೆ ದಪ್ಪಗಿದ್ದರೆ ಕಣಗಳು ಒಂದರ ಮೇಲೊಂದು ಬಿದ್ದಿವೆ ಎಂದರ್ಥ. ನೀರಿಗೆ ತುಸು ಅಮೋನಿಯ ಸೇರಿಸಿ ಕ್ಷಾರೀಯವಾಗಿಡಿ, ಬರೀ ಡಿಸ್ಟಿಲ್ಡ್ ನೀರಿನ ಸಣ್ಣ ಆಮ್ಲೀಯತೆಗೂ ನವುರಾದ ಚಿಪ್ಪುಗಳು ಸವೆಯುತ್ತವೆ. ಪ್ರತಿ ಸ್ಲೈಡಿಗೂ ಹೊಸ ಕಡ್ಡಿ.

ಎಣ್ಣೆ ಮಸೂರದಲ್ಲಿ 1000 ಪಟ್ಟು ದೊಡ್ಡದು ಮಾಡಿ ನೋಡಿ. ಹೊಸಬರು ಎಡವುವುದು ಇಲ್ಲೇ: ಅಡ್ಡ ಧ್ರುವೀಕರಣದಲ್ಲಿ (ಒಂದಕ್ಕೊಂದು ಅಡ್ಡವಾಗಿಟ್ಟ ಎರಡು ಧ್ರುವೀಕಾರಕಗಳ ನಡುವೆ ನೋಡಿದಾಗ) ಹೆಚ್ಚಿನ ಕಾಕೊಲಿತ್‌ಗಳು, ಅಂದರೆ ಪಾಚಿಯ ಸುಣ್ಣದ ಫಲಕಗಳು, ಬೆಳಗುತ್ತವೆ, ಆದರೆ ನಕ್ಷತ್ರದಾಕಾರದ ನ್ಯಾನೊಫಾಸಿಲ್‌ಗಳಾದ ಡಿಸ್ಕೊಆಸ್ಟರ್‌ಗಳು ಬಹುಪಾಲು ಕಪ್ಪಾಗಿಯೇ ಉಳಿಯುತ್ತವೆ. ಸಾಮಾನ್ಯ ಬೆಳಕಿಗೆ ಬದಲಿಸದೆ ಇಡೀ ಸ್ಲೈಡ್ ಮುಗಿಸಿದವರು ಡಿಸ್ಕೊಆಸ್ಟರ್ ಇಲ್ಲವೆಂದು ಬರೆದುಕೊಳ್ಳುತ್ತಾರೆ, ವಯಸ್ಸು ಲಕ್ಷಾಂತರ ವರ್ಷ ತಪ್ಪಿಹೋಗುತ್ತದೆ. ಕಿರಣಗಳನ್ನು ಎಣಿಸಿ. ಕೆಳಕ್ಕೆ ಬಾಗಿದ ಆರು ಸರಳ ಕಿರಣಗಳಿದ್ದರೆ ಡಿಸ್ಕೊಆಸ್ಟರ್ ಬ್ರೌವೆರಿ (ಚಿಕ್ಕದಾಗಿ ಡಿ. ಬ್ರೌವೆರಿ). ಐದಿದ್ದು, ಅಡ್ಡ ಧ್ರುವೀಕರಣದಲ್ಲೂ ಮಂದವಾಗಿ ಮಿನುಗಿದರೆ ಡಿ. ಪೆಂಟಾರೇಡಿಯೇಟಸ್. ಆರು ಕಿರಣಗಳ ತುದಿ ಮೂರಾಗಿ ಸೀಳಿದ್ದರೆ ಡಿ. ಸರ್ಕ್ಯುಲಸ್. ಹೊಸ ಕ್ಯಾಲ್ಸೈಟ್ ಬೆಳೆದು ತುದಿಗಳು ದಪ್ಪಗಾಗಿದ್ದರೆ ಪ್ರಭೇದ ಹೇಳಲು ಹೋಗದೆ ಡಿಸ್ಕೊಆಸ್ಟರ್ ಎಂದಷ್ಟೇ ಬರೆಯುವುದು ಒಳ್ಳೆಯದು.

ಎಷ್ಟು ಎಣಿಸಬೇಕು? ಗುಂಪಿನಲ್ಲಿ ಶೇ. 1ರಷ್ಟಿರುವ ಪ್ರಭೇದ ಒಂದಾದರೂ ಕಣ್ಣಿಗೆ ಬೀಳುವ ಸಂಭವ ಶೇ. 95 ಆಗಬೇಕಾದರೆ 300 ಎಣಿಸಬೇಕು. ಶೇ. 0.5 ಇದ್ದರೆ ಸುಮಾರು 600. ಹೀಗಾಗಿ ನೀವು ಕಂಡ ಕೊನೆಯ ಮಟ್ಟ ನಿಜವಾದ ಅಳಿವಿಗಿಂತ ಸಾಮಾನ್ಯವಾಗಿ ಕೆಳಗೇ ಇರುತ್ತದೆ, ಅಪರೂಪದ ಪ್ರಭೇದದಲ್ಲಿ ಇನ್ನೂ ಕೆಳಗೆ.

ಈಗ ಲೆಕ್ಕ. ಒಂದು ಕಾಲ್ಪನಿಕ ಕೋರ್‌ನಲ್ಲಿ (ಸಮುದ್ರತಳದಿಂದ ಕೊರೆದು ತೆಗೆದ ಕೆಸರಿನ ಕಂಬದಲ್ಲಿ) ಸ್ಯೂಡೊಎಮಿಲಿಯಾನಿಯಾ ಲಾಕುನೋಸಾ ಎಂಬ ನ್ಯಾನೊಫಾಸಿಲ್ ಕೊನೆಗೆ ಕಂಡಿದ್ದು 8.8 ಮೀಟರ್‌ನಲ್ಲಿ, ಅದು ಅಳಿದದ್ದು ಸುಮಾರು 4.4 ಲಕ್ಷ ವರ್ಷ ಹಿಂದೆ. ಡಿ. ಬ್ರೌವೆರಿ ಕೊನೆಗೆ ಕಂಡಿದ್ದು 38.6 ಮೀಟರ್‌ನಲ್ಲಿ, ಅದರ ಅಳಿವು ಸುಮಾರು 19.3 ಲಕ್ಷ ವರ್ಷ ಹಿಂದೆ. ನಡುವೆ 29.8 ಮೀಟರ್ ಕೆಸರು, 14.9 ಲಕ್ಷ ವರ್ಷ: ಸಾವಿರ ವರ್ಷಕ್ಕೆ 2 ಸೆಂ.ಮೀ. ಮಾದರಿಗಳ ಅಂತರ 1.5 ಮೀಟರ್ ಆಗಿದ್ದರೆ ಪ್ರತಿ ಘಟನೆಗೂ 75,000 ವರ್ಷಗಳ ಸಂದೇಹ ಅಂಟಿಕೊಂಡೇ ಇರುತ್ತದೆ. ಆದ್ದರಿಂದ ಮಟ್ಟವನ್ನು ಒಂದೇ ಅಂಕಿಯಾಗಿ ಬರೆಯದೆ, ಪ್ರಭೇದ ಇರುವ ಮಾದರಿ ಮತ್ತು ಇಲ್ಲದ ಮಾದರಿ ಎರಡರ ಆಳವನ್ನೂ ಬರೆಯಿರಿ. ಯಾವ ವರ್ಷದ ಭೂವೈಜ್ಞಾನಿಕ ಕಾಲಮಾಪಕದಿಂದ ವಯಸ್ಸು ತೆಗೆದುಕೊಂಡಿರಿ ಎಂಬುದನ್ನೂ ಬರೆಯಿರಿ. 2012ರ ಮಾಪಕದ ಅಂಕಿಯನ್ನೂ 2020ರ ಅಂಕಿಯನ್ನೂ ಒಂದೇ ಲೆಕ್ಕದಲ್ಲಿ ಬೆರೆಸಬಾರದು.

ಇದೇ ದರದಲ್ಲಿ ಕೆಸರು ಕೂತಿದ್ದರೆ, 23.9 ಲಕ್ಷ ವರ್ಷ ಹಿಂದೆ ಅಳಿದ ಡಿ. ಪೆಂಟಾರೇಡಿಯೇಟಸ್ 47.8 ಮೀಟರ್‌ನಲ್ಲೂ, 24.9 ಲಕ್ಷ ವರ್ಷ ಹಿಂದಿನ ಡಿ. ಸರ್ಕ್ಯುಲಸ್ 49.8 ಮೀಟರ್‌ನಲ್ಲೂ ಕೊನೆಯಾಗಬೇಕು. ಹಾಗಾಗದೆ ಮೂರೂ 38.6 ಮೀಟರ್‌ನಲ್ಲೇ ಒಟ್ಟಿಗೆ ಕೊನೆಯಾದರೆ? ಅಲ್ಲಿ ಪದರ ಕಾಣೆಯಾಗಿದೆ, ಕನಿಷ್ಠ 5.6 ಲಕ್ಷ ವರ್ಷದ್ದು. ಆಗ 38.6 ಮೀಟರ್ 19.3 ಲಕ್ಷ ವರ್ಷದ ಗುರುತಾಗಿ ಉಳಿಯುವುದಿಲ್ಲ, ಮೇಲೆ ಮಾಡಿದ ದರದ ಲೆಕ್ಕವೂ ಬಿದ್ದುಹೋಗುತ್ತದೆ. ಈ ಒಂದು ಪರೀಕ್ಷೆಗಾಗಿಯೇ ಹಲವು ಘಟನೆಗಳನ್ನು ಹುಡುಕಬೇಕು.

ಹಳೆಯ ಪದರದಿಂದ ಕೊಚ್ಚಿ ಬಂದ ಚಿಪ್ಪುಗಳು ಇನ್ನೊಂದು ಕಾಟ. ಅಳಿದ ಪ್ರಭೇದದ ಒಂದೆರಡು ಚಿಪ್ಪು ಎಷ್ಟೋ ಮೀಟರ್ ಮೇಲಿನವರೆಗೂ ಸಿಗುತ್ತಿರುತ್ತವೆ. ಆದ್ದರಿಂದ ಆಳಕ್ಕೆ ತಕ್ಕಂತೆ ಚಿಪ್ಪುಗಳ ಸಂಖ್ಯೆ ತೋರಿಸುವ ಗೆರೆ ಎಳೆದು, ಅದು ಒಮ್ಮೆಲೇ ಕುಸಿದ ಮಟ್ಟವನ್ನು ಅಳಿವೆಂದು ತೆಗೆದುಕೊಳ್ಳಿ. ಬಹಳ ಈಚಿನ ಪ್ಲಿಯೊಸೀನ್ ಯುಗದ ಸ್ಲೈಡಿನಲ್ಲಿ ಕ್ರಿಟೇಷಿಯಸ್‌ನ ನ್ಯಾನೊಫಾಸಿಲ್ ವಾಟ್ಸ್‌ನವೇರಿಯಾ ಕಂಡರೆ ಮಿಕ್ಕವುಗಳ ಮೇಲೂ ಅನುಮಾನವಿರಲಿ. ಬಾವಿ ಕೊರೆದ ಪುಡಿಯಲ್ಲಿ ತೊಂದರೆ ತಿರುಗುಮುರುಗು: ಮೇಲಿನ ಗೋಡೆ ಉದುರಿ ಎಳೆಯ ಚಿಪ್ಪುಗಳು ಕೆಳಕ್ಕೆ ಬರುತ್ತವೆ. ಅಲ್ಲಿ ಪ್ರಭೇದ ಮೊದಲು ಹುಟ್ಟಿದ ಮಟ್ಟವನ್ನು ನಂಬಬೇಡಿ, ಕೊರೆಯುತ್ತಾ ಇಳಿಯುವಾಗ ಮೊದಲು ಎದುರಾಗುವ, ಅಂದರೆ ಅಳಿದ ಮಟ್ಟವನ್ನೇ ಹಿಡಿಯಿರಿ.

ಎರಡು ಸ್ಥಳಗಳ ಪದರ ಹೊಂದಿಸಲು 1964ರಲ್ಲಿ ಭೂವಿಜ್ಞಾನಿ ಅಲನ್ ಶಾ ಮುಂದಿಟ್ಟ ಗ್ರಾಫ್ ವಿಧಾನಕ್ಕೆ ಪೆನ್ಸಿಲ್ ಮತ್ತು ಗೆರೆ ಕಾಗದ ಸಾಕು. ಒಂದು ಸ್ಥಳದ ಆಳ ಅಡ್ಡಕ್ಕೆ, ಇನ್ನೊಂದರದು ಉದ್ದಕ್ಕೆ. ಎರಡರಲ್ಲೂ ಸಿಕ್ಕ ಪ್ರತಿ ಘಟನೆಗೂ ಒಂದು ಚುಕ್ಕಿ. ಚುಕ್ಕಿಗಳು ನೇರ ಗೆರೆಯಲ್ಲಿ ಬಿದ್ದರೆ ಅದರ ಇಳಿಜಾರು ಎರಡು ಕಡೆಯ ಕೆಸರು ದರಗಳ ಅನುಪಾತ. ಗೆರೆ ಅಡ್ಡಕ್ಕೆ ಮಟ್ಟಸವಾಗಿ ಓಡಿದರೆ ಉದ್ದದ ಅಕ್ಷದ ಸ್ಥಳದಲ್ಲಿ ಪದರ ನಾಪತ್ತೆ. ಒಂದೇ ಚುಕ್ಕಿ ದೂರ ಸಿಡಿದರೆ ಮೊದಲು ಸ್ಲೈಡನ್ನು ಮತ್ತೆ ನೋಡಿ. ಗುರುತಿಸುವಿಕೆ ಸರಿಯಿದ್ದರೆ ಆ ಪ್ರಭೇದ ಬೆಚ್ಚಗಿನ ನೀರಿನಲ್ಲಿ ಹೆಚ್ಚು ಕಾಲ ಉಳಿದಿತ್ತೇ ಎಂದು ಪರಿಶೀಲಿಸಿ, ಹಾಗಿದ್ದರೆ ಆ ಚುಕ್ಕಿಯನ್ನು ಗೆರೆಯ ಲೆಕ್ಕದಿಂದ ಬಿಟ್ಟು, ಬಿಟ್ಟ ಕಾರಣವನ್ನು ಪಕ್ಕದಲ್ಲೇ ಬರೆದಿಡಿ.