ಜ್ವರ ಆಕಳಿಗೆ, ಖರ್ಚು ಗೋಡೆಗೆ

"ಗ್ವಾಡಿಗೆ ಸಿಮೆಂಟ್ ಬಡದ್ರ ಆಕಳ ಜ್ವರ ಹೋಗತೈತೇನೋ?" ಅಂತ ನಕ್ಕವರೇ ಈಗ ಧಾರವಾಡ ಕಡೆಯಿಂದ ನಮ್ಮ ಕೊಟ್ಟಿಗೆ ನೋಡಲು ಬರುತ್ತಿದ್ದಾರೆ. ಗೋಡೆಯ ಬಿರುಕಿಗೆಲ್ಲ ಸಿಮೆಂಟ್ ತುಂಬಿದ ಮೇಲೆ, ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಜಿಯನ್) ಮಿಶ್ರತಳಿ ಕಟ್ಟಿದ ಕೊಟ್ಟಿಗೆಯಲ್ಲಿ ಹೋದ ಮಳೆಗಾಲ ಉಣ್ಣಿ ಹರಡುವ ಜ್ವರ ಥೈಲೇರಿಯಾ ಸುಳಿಯಲಿಲ್ಲ. ಇಷ್ಟು ಹೇಳಿಕೊಳ್ಳುವ ಹಕ್ಕು ನನಗಿದೆ.

ಮೊದಲು ರೊಕ್ಕದ ಮಾತು. ಈ ಜ್ವರದ ಸೂಜಿಮದ್ದು ಬುಪಾರ್ವಕ್ವೋನ್ 20 ಕೆಜಿ ತೂಕಕ್ಕೆ 1 ಮಿ.ಲೀ. ಅಂದರೆ 400 ಕೆಜಿ ಆಕಳಿಗೆ 20 ಮಿ.ಲೀ. ಬಾಟಲಿ ಪೂರ್ತಿ ಖಾಲಿ, ಸಾವಿರದ ಮೇಲೆ ಖರ್ಚು. ಕುತ್ತಿಗೆಯ ಸ್ನಾಯುವಿಗೇ ಆಳವಾಗಿ ಕೊಡಬೇಕು, ಒಂದು ಜಾಗಕ್ಕೆ 10 ಮಿ.ಲೀ. ದಾಟಬಾರದು. ಜ್ವರ ಬಂದ ಶುರುವಿನಲ್ಲಿ ಕೊಟ್ಟರೆ ಕೆಲಸ ಮಾಡುತ್ತದೆ. ಒಸಡು ಬೆಳ್ಳಗಾಗಿ ಉಸಿರು ಏರಿದ ಮೇಲೆ ಬಾಟಲಿ ಒಂದೇ ಸಾಲದು, ರಕ್ತವೇ ಏರಿಸಬೇಕಾದೀತು. ಸಲೈನ್, ಟಾನಿಕ್, ಇಳಿದ ಹಾಲು ಎಲ್ಲ ಹಿಡಿದರೆ ಆಕಳೊಂದಕ್ಕೆ ಎಂಟ್ಹತ್ತು ಸಾವಿರ ಹೋಗುತ್ತದೆ. ನನ್ನ ಗೋಡೆ ಕೆಲಸ ಗೌಂಡಿ ಕೂಲಿ ಸೇರಿ ಅದಕ್ಕಿಂತ ಕಡಿಮೆಗೆ ಮುಗಿಯಿತು.

ಮೈಗೆ ಎಷ್ಟು ಸಿಂಪಡಿಸಿದರೂ ಜ್ವರ ತಿರುಗಿ ಬರುತ್ತಿದ್ದುದಕ್ಕೆ ಕಾರಣ ಕಾಲಿಗೆ ಪಟ್ಟೆ ಇರುವ ಉಣ್ಣಿ, ಹಯಲೋಮಾ. ರಕ್ತ ಕುಡಿದು ಉದುರಿ ಗೋಡೆಯ ಬಿರುಕು, ಗ್ವಾದಲಿಯ (ಮೇವಿನ ತೊಟ್ಟಿಯ) ಸಂದು ಸೇರುತ್ತದೆ. ಅಲ್ಲೇ ಪೊರೆ ಬಿಟ್ಟು ಬೆಳೆದು, ಮರಿಯಿದ್ದಾಗ ಹೀರಿದ ರೋಗಾಣುವನ್ನು ಇನ್ನೊಂದು ಆಕಳಿಗೆ ದಾಟಿಸುತ್ತದೆ. ಬಬೇಸಿಯಾ (ಉಚ್ಚಿ ಕೆಂಪಾಗುವ ಜ್ವರ) ತರುವ ಸಣ್ಣ ಉಣ್ಣಿಯ ಕಥೆ ಬೇರೆ. ಅದು ಸುಮಾರು 21 ದಿನ ಮೈಮೇಲೇ ಇರುತ್ತದೆ, ರೋಗ ಮೊಟ್ಟೆಯ ಮೂಲಕವೇ ಮರಿಗೆ ಬರುತ್ತದೆ. ಅದಕ್ಕೆ ಮೈ ಸಿಂಪಡಣೆ ಸಾಕು, ಆದರೆ ಎರಡು-ಮೂರು ವಾರದೊಳಗೆ ಮತ್ತೊಮ್ಮೆ ಆಗಲೇಬೇಕು.

ದನ ಹೊರಗೆ ಕಟ್ಟಿ, ಕಣಕಿ, ಹೊಟ್ಟು ಎಲ್ಲ ದೂರ ಸರಿಸಿ, ಬಿರುಕುಗಳನ್ನು ತಂತಿ ಬ್ರಷ್‌ನಿಂದ ಕೆರೆದೆ. ಗ್ಯಾಸ್ ಬರ್ನರ್ ಬೆಂಕಿ ಹಿಡಿದಾಗ ಸಂದಿನಲ್ಲಿ ಚಟಪಟ ಸದ್ದು ಬಂದರೆ ಉಣ್ಣಿ ಇದ್ದವು ಅಂತ ಗೊತ್ತು. ಆಮೇಲೆ ಒಂದಕ್ಕೆ ನಾಲ್ಕು ಪಾಲು ಉಸುಕು ಕೂಡಿಸಿದ ಸಿಮೆಂಟ್ ತುಂಬಿದೆ, ಆಳೆತ್ತರದವರೆಗೆ. ಗ್ವಾದಲಿಯ ಅಡಿಭಾಗವನ್ನು ಗೌಂಡಿ ಬಿಟ್ಟೇ ಬಿಡುತ್ತಾನೆ, ನಿಂತು ಮಾಡಿಸಿ.

ಸುಣ್ಣ ಹಚ್ಚಿದ ಗೋಡೆಗೆ ಉಣ್ಣಿ ಕೊಲ್ಲುವ ಡೆಲ್ಟಾಮೆಥ್ರಿನ್ ಹೊಡೆದರೆ ಕ್ಷಾರಕ್ಕೆ ಔಷಧಿ ಕೆಡುತ್ತದೆ. ಅಲ್ಲಿ ಇನ್ನೊಂದು ಉಣ್ಣಿ ಔಷಧಿ ಅಮಿಟ್ರಾಜ್ ಬಳಸಿ. ಕುದುರೆ ಇದ್ದವರು ಮಾತ್ರ ಅದರ ಗೊಡವೆಗೆ ಹೋಗಬೇಡಿ. ಮೈಗೆ ಶೇ. 1.25ರ ಡೆಲ್ಟಾಮೆಥ್ರಿನ್ ಲೀಟರಿಗೆ 2 ಮಿ.ಲೀ.; ಕಿವಿಯ ಒಳಗು, ಬಾಲದ ಬುಡ, ತೊಡೆ ಸಂದು ಒದ್ದೆಯಾಗುವಂತೆ. ನೀರು ಹೆಚ್ಚು ಬೆರೆಸಿ ಉಳಿತಾಯ ಮಾಡಿದವರ ಕೊಟ್ಟಿಗೆಯಲ್ಲೇ ಔಷಧಿಗೆ ಬಗ್ಗದ ಉಣ್ಣಿ ಬೆಳೆಯುತ್ತವೆ. ಸುಣ್ಣಕ್ಕೆ ನಾನು ಕೂಡಿಸುವ ಇನ್ನೊಂದು ಸಾಮಾನು ಇಲ್ಲಿ ಬರೆಯುವುದಿಲ್ಲ, ಕೊಟ್ಟಿಗೆಗೆ ಬಂದವರಿಗೆ ತೋರಿಸುತ್ತೇನೆ.

ನಡುವೆ ಬೇವಿನ ಎಣ್ಣೆ ಪ್ರಯೋಗವೂ ಆಯಿತು. ಎರಡು ದಿನ ವಾಸನೆ, ಮೂರನೇ ದಿನ ಉಣ್ಣಿ. ಜವಾರಿ ಕೋಳಿ ಬಿಟ್ಟಿದ್ದು ವಾಸಿ, ಉದುರಿದ್ದನ್ನು ಹೆಕ್ಕುತ್ತವೆ. ಗ್ವಾದಲಿಯಲ್ಲಿ ಹಿಕ್ಕೆ ಹಾಕುವುದೇ ತಲೆನೋವು.

ಎಮ್ಮೆ ಇದ್ದವರಿಗೆ ಒಂದು ಮಾತು. ಈದ ಮೇಲೆ ಉಚ್ಚಿ ಕೆಂಪಾಗಿ ಜ್ವರ ಇಲ್ಲದಿದ್ದರೆ ಬಬೇಸಿಯಾ ಅಂತ ಸೂಜಿ ಚುಚ್ಚಿಸಬೇಡಿ, ರಂಜಕದ (ಫಾಸ್ಫರಸ್) ಕೊರತೆ ಇರಬಹುದು. ಜ್ವರ ಇದ್ದರೆ ಸೂಜಿಗೆ ಮೊದಲೇ ಕಿವಿಯ ನರದ ರಕ್ತ ಗಾಜಿನ ಮೇಲೆ ತೆಳುವಾಗಿ ಎಳೆದು ಒಣಗಿಸಿ ದವಾಖಾನೆಗೆ ಒಯ್ಯಿರಿ. ಔಷಧಿ ಹೋದ ಮೇಲೆ ತೆಗೆದ ಗಾಜಿನಲ್ಲಿ ರೋಗಾಣು ಕಾಣದೇ ಹೋಗಬಹುದು.

ಸಂತೆಯಿಂದ ತಂದದ್ದನ್ನು ಬೇರೆ ಕಡೆ ಕಟ್ಟಿ, ಸಿಂಪಡಿಸಿ, ಮೂರು ವಾರ ಬೆಳಗು-ಸಂಜೆ ಥರ್ಮಾಮೀಟರ್ ಇಡುತ್ತೇನೆ. 103 ಡಿಗ್ರಿ ಫ್ಯಾರನ್‌ಹೀಟ್ ದಾಟಿ ಭುಜದ ಮುಂದಿನ ಗಂಟು ಊದಿ ಕೈಗೆ ಸಿಕ್ಕರೆ ಅದೇ ದಿನ ಡಾಕ್ಟರಿಗೆ ಫೋನು.