ಹಳೇ 207ಗೆ ಒಳ್ಳೆ ಸೌಂಡ್ ಬೇಕಾ? ಸ್ಪೀಕರ್ ಆಮೇಲೆ, ಮೊದಲು ವೈರ್ ನೋಡಿ

ನಮ್ಮ ಮನೆಯಲ್ಲಿರುವುದು ಹಳೇ ಟಾಟಾ 207 ಪಿಕಪ್ ಗಾಡಿ. ಭೀಮಸಮುದ್ರದ ಅಡಿಕೆ, ಚಳ್ಳಕೆರೆ ಕಡೆಯ ಈರುಳ್ಳಿ, ದಾವಣಗೆರೆ ಎಪಿಎಂಸಿಗೆ ಮೆಕ್ಕೆಜೋಳ, ಎಲ್ಲಾ ಅಪ್ಪ ಇದರಲ್ಲೇ ಹೊಡೆದಿದ್ದಾರೆ. ಗಾಡಿ ಇವತ್ತಿಗೂ ಗಟ್ಟಿ. ಟೇಪ್ ಮಾತ್ರ ಗೊರಗೊರ ಅಂತಿತ್ತು. ಅದನ್ನು ಸರಿ ಮಾಡುವಷ್ಟರಲ್ಲಿ ಎರಡು ಸಲ ದುಡ್ಡು ಹೋಯಿತು, ಯಾಕಂದ್ರೆ ಎರಡು ಸಲವೂ ಮೊದಲು ಸ್ಪೀಕರ್ ತಂದೆ, ವೈರಿನ ಕಡೆ ನೋಡಲೇ ಇಲ್ಲ. ನಿಮಗೆ ಹಾಗಾಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ಮಲ್ಟಿಮೀಟರ್ ತಗೊಳ್ಳಿ. ಇಂಜಿನ್ ಆಫ್ ಇದ್ದಾಗ ಚಾರ್ಜ್ ಆದ ಬ್ಯಾಟರಿ 12.5 ವೋಲ್ಟ್ ಆಸುಪಾಸು ತೋರಿಸಬೇಕು. ಇಂಜಿನ್ ಓಡುವಾಗ 13.8ರಿಂದ 14.4. ಹೆಡ್‌ಲೈಟ್ ಹಾಕಿದ ಕೂಡಲೇ 13ಕ್ಕಿಂತ ಕೆಳಗೆ ಇಳಿದರೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್, ಅದರ ಬೆಲ್ಟ್ ತೋರಿಸಿ, ಆಂಪ್ (ಸೌಂಡ್ ಜೋರು ಮಾಡುವ ಆಂಪ್ಲಿಫೈಯರ್) ಆಸೆ ಸದ್ಯಕ್ಕೆ ಬಿಡಿ. ಆಮೇಲೆ ಇನ್ನೊಂದು ಪರೀಕ್ಷೆ. ಇಂಜಿನ್ ಓಡಲಿ, ಹೆಡ್‌ಲೈಟ್ ಉರಿಯಲಿ. ಮೀಟರಿನ ಒಂದು ಕಡ್ಡಿ ಬ್ಯಾಟರಿ ಮೈನಸ್ ಮೇಲೆ, ಇನ್ನೊಂದು ಕ್ಯಾಬಿನ್ ಒಳಗಿನ ಬರಿ ತಗಡಿನ ಮೇಲೆ ಇಡಿ. 0.2 ವೋಲ್ಟಿಗಿಂತ ಜಾಸ್ತಿ ಬಂದರೆ ಬಾಡಿ ಅರ್ಥ್, ಅಂದರೆ ಬ್ಯಾಟರಿ ಮೈನಸ್ ಗಾಡಿಯ ತಗಡಿಗೆ ಸೇರುವ ಜೋಡಣೆ, ಕೆಟ್ಟಿದೆ ಅಂತ ತಿಳಿಯಿರಿ.

ನಮ್ಮದರಲ್ಲಿ ಕೆಟ್ಟಿತ್ತು. ಮೈನಸ್ ವೈರ್ ಚಾಸಿಗೆ ಸೇರುವ ಬೋಲ್ಟ್ ಬಿಚ್ಚಿ ನೋಡಿದರೆ ವೈರ್ ತುದಿಯ ಲಗ್ (ಬೋಲ್ಟಿಗೆ ಸಿಕ್ಕಿಸುವ ಬಳೆ) ತಳದಲ್ಲಿ ಪೂರ್ತಿ ಹಸಿರು ಕಿಲುಬು, ಅದರ ಮೇಲೆ ಗಣಿ ಲಾರಿಗಳ ಹಿಂದೆ ಓಡಾಡಿ ಕೂತ ಕೆಂಪು ಧೂಳು ಗ್ರೀಸಿನ ಜೊತೆ ಸೇರಿ ಹೆಪ್ಪುಗಟ್ಟಿತ್ತು. ಲಗ್ಗನ್ನೂ ಚಾಸಿಯನ್ನೂ ಎಮರಿ ಪೇಪರಿನಲ್ಲಿ ತಗಡು ಬೆಳ್ಳಗೆ ಹೊಳೆಯುವ ತನಕ ಉಜ್ಜಿದೆ, ಬೋಲ್ಟ್ ಬಿಗಿ ಮಾಡಿ ಮೇಲೆ ವ್ಯಾಸಲೀನ್ ಸವರಿದೆ. ಇಂಜಿನ್ನಿನಿಂದ ಚಾಸಿಗೆ ಹೋಗುವ ಹೆಣೆದ ಪಟ್ಟಿಗೂ ಅದೇ ಕೆಲಸ. ಹಾಡು ಹಾಗಿರಲಿ, ಅವತ್ತು ರಾತ್ರಿ ಹೆಡ್‌ಲೈಟೇ ಜಾಸ್ತಿ ಬೆಳಕು ಕೊಟ್ಟಿತು!

ಈಗ ವ್ಯಾಟ್ ಲೆಕ್ಕ. ಸ್ಟೀರಿಯೋ ಡಬ್ಬದ ಮೇಲೆ 50 ವ್ಯಾಟ್ ಇಂಟು 4 ಅಂತ ದಪ್ಪಗೆ ಬರೆದಿರುತ್ತಾರೆ. ಬಿಡದೆ ಕೊಡುವುದು ಒಂದೊಂದು ಸ್ಪೀಕರಿಗೆ ಸುಮಾರು 20 ವ್ಯಾಟ್ ಅಷ್ಟೇ. ನೋಡಬೇಕಾದ್ದು ಆರ್‌ಎಂಎಸ್ ಅಂಕಿ, ಅಂದರೆ ಹೀಗೆ ಬಿಡದೆ ಕೊಡುವ ವ್ಯಾಟ್. ಸ್ಪೀಕರ್ ಕೊಳ್ಳುವಾಗ ಸೆನ್ಸಿಟಿವಿಟಿಯನ್ನೂ (ಇಷ್ಟು ಪವರ್ ಕೊಟ್ಟರೆ ಎಷ್ಟು ಸೌಂಡ್ ಬರುತ್ತದೆ ಅನ್ನುವ ಅಂಕಿ) ನೋಡಿ, 90 ಡೆಸಿಬಲ್ ಮೇಲಿದ್ದರೆ ಒಳ್ಳೆಯದು. 3 ಡೆಸಿಬಲ್ ಜಾಸ್ತಿ ಇದ್ದರೆ ಅರ್ಧ ಪವರಿನಲ್ಲೇ ಅಷ್ಟೇ ಸೌಂಡ್ ಬರುತ್ತದೆ. ಡೀಸೆಲ್ ಇಂಜಿನ್ ಪಕ್ಕದಲ್ಲೇ ಕೂತು ಕೇಳುವ ನಮಗೆ ಇದು ದೊಡ್ಡ ವಿಷಯ ಅಲ್ವಾ? ಕೋನಿನ, ಅಂದರೆ ಸ್ಪೀಕರಿನಲ್ಲಿ ಅದುರುವ ಬಟ್ಟಲಿನ, ಸುತ್ತ ಫೋಮ್ ಬೇಡ, ರಬ್ಬರ್ ಇರಲಿ. ಬಿಸಿಲಲ್ಲಿ ನಿಲ್ಲಿಸುವ ಗಾಡಿಯಲ್ಲಿ ಫೋಮ್ ಪುಡಿಪುಡಿಯಾಗುತ್ತದೆ.

ಬಾಗಿಲಿಗೆ ಆರೂವರೆ ಇಂಚು ಸಾಕು. ಗ್ಲಾಸ್ ಪೂರ್ತಿ ಇಳಿಸಿ, ಒಳಗೆ ಎಷ್ಟು ಆಳ ಉಳಿಯುತ್ತದೆ ಅಂತ ಅಳೆದುಕೊಂಡೇ ಅಂಗಡಿಗೆ ಹೋಗಿ. ಆಳ ಸಾಲದಿದ್ದರೆ ಪ್ಲೈವುಡ್ ರಿಂಗ್ ಮಾಡಿಸಿ, ಪೇಂಟ್ ಹೊಡೆದು, ಸ್ಪೀಕರನ್ನು ಮುಂದಕ್ಕೆ ತನ್ನಿ.

ಬಾಗಿಲಿನ ಕೆಲಸವನ್ನು ಯಾರೂ ಮಾಡುವುದಿಲ್ಲ, ಸೌಂಡ್ ಇರುವುದೇ ಅಲ್ಲಿ. ಕೋನ್ ಮುಂದೆ ಗಾಳಿ ನೂಕುವಾಗ ಹಿಂದೆ ಎಳೆಯುತ್ತದೆ. ಬಾಗಿಲ ತಗಡಿನಲ್ಲಿ ದೊಡ್ಡ ತೂತುಗಳಿದ್ದರೆ ಹಿಂದಿನ ಗಾಳಿ ಮುಂದೆ ಬಂದು ಸೇರಿಕೊಳ್ಳುತ್ತದೆ, ಬೇಸ್ ಅಲ್ಲೇ ಸಾಯುತ್ತದೆ. ಅದಕ್ಕೇ ಎಷ್ಟು ದುಬಾರಿ ಸ್ಪೀಕರ್ ಹಾಕಿದರೂ ಡಬ್ಬ ಬಡಿದ ಹಾಗೆ ಕೇಳುವುದು. ಹೊರ ತಗಡಿನ ಒಳಮೈಗೆ ಬ್ಯೂಟೈಲ್ ಡ್ಯಾಂಪಿಂಗ್ ಶೀಟ್ (ತಗಡು ಅದುರದಂತೆ ಹಿಡಿಯುವ ರಬ್ಬರ್ ಹಾಳೆ) ಅಂಟಿಸಿ, ಒಳ ತಗಡಿನ ದೊಡ್ಡ ತೂತುಗಳನ್ನು ಅದೇ ಶೀಟಿನಿಂದ ಮುಚ್ಚಿ. ಡಾಂಬರಿನ ಶೀಟ್ ಅಗ್ಗ, ಆದರೆ ಚಿತ್ರದುರ್ಗದ ಏಪ್ರಿಲ್ ಬಿಸಿಲಿಗೆ ಮೆತ್ತಗಾಗಿ ಜಾರುತ್ತದೆ. ಬಾಗಿಲ ತಳದಲ್ಲಿ ಮಳೆನೀರು ಇಳಿಯಲು ಸಣ್ಣ ಕಿಂಡಿಗಳಿರುತ್ತವೆ, ಅವನ್ನು ಮಾತ್ರ ಯಾವ ಕಾರಣಕ್ಕೂ ಮುಚ್ಚಬೇಡಿ, ಬಾಗಿಲು ಒಳಗಿನಿಂದ ತುಕ್ಕು ಹಿಡಿಯುತ್ತದೆ.

ಆಂಪ್ ಹಾಕುವವರಿಗೆ ಒಂದು ಮಾತು ಜೋರಾಗಿಯೇ ಹೇಳುತ್ತೇನೆ: ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಫ್ಯೂಸ್ ಇರಲೇಬೇಕು. ಮೊದಲ ಸಲ ಒಂದು ಅಂಗಡಿಯಲ್ಲಿ ಹಾಕಿಸಿದಾಗ ಫ್ಯೂಸ್ ಇಲ್ಲದೆ ನೇರ ಎಳೆದಿದ್ದರು, ಇಂಜಿನ್ ಕಡೆಯಿಂದ ಒಳಗೆ ಬರುವ ತೂತಿಗೆ ರಬ್ಬರ್ ಬುಷ್ ಕೂಡ ಇರಲಿಲ್ಲ. ಹಿರಿಯೂರಿನಿಂದ ಬರುವಾಗ ಐಮಂಗಲ ದಾಟಿದ ಮೇಲೆ ಕಾಲ ಹತ್ತಿರ ಹೊಗೆ. ತಗಡಿನ ಅಂಚು ವೈರನ್ನು ತಿಂದು ಹಾಕಿತ್ತು. ಅಪ್ಪ ಗಾಡಿ ಬದಿಗೆ ಹಾಕಿ ಪಾನಾ ತಗೊಂಡು ಬ್ಯಾಟರಿ ಟರ್ಮಿನಲ್ ಬಿಚ್ಚಿದ್ದಕ್ಕೆ ಉಳಿದೆವು. ಹಿಂದೆ ಲೋಡ್ ಇತ್ತು. ಆ ವಾಸನೆ ಇನ್ನೂ ಮರೆತಿಲ್ಲ.

50 ವ್ಯಾಟ್ ಆರ್‌ಎಂಎಸ್‌ನ ನಾಲ್ಕು ಚಾನೆಲ್ ಆಂಪಿಗೆ 10 ಚದರ ಮಿಲಿಮೀಟರಿನ ತಾಮ್ರದ ವೈರ್ ಸಾಕು. ತಾಮ್ರ ಅಂತ ಹೇಳಿ ಮಾರುವ ಎಷ್ಟೋ ವೈರ್ ಒಳಗೆ ಅಲ್ಯೂಮಿನಿಯಂ. ಒಂದು ಎಳೆ ತೆಗೆದು ಬ್ಲೇಡಿನಿಂದ ಕೆರೆಯಿರಿ, ಬೆಳ್ಳಗೆ ಕಂಡರೆ ವಾಪಸ್ ಕೊಡಿ. ಫ್ಯೂಸ್ ಎಷ್ಟು ಆಂಪಿಯರ್ ಅಂತ ಆಂಪಿನ ಮೇಲಿರುವ ಫ್ಯೂಸ್‌ಗಳ ಮೊತ್ತ ನೋಡಿ ಹಾಕಿ. ಅರ್ಥ್ ವೈರೂ ಅಷ್ಟೇ ದಪ್ಪ ಇರಲಿ, ಉದ್ದ ಮಾತ್ರ ಗಿಡ್ಡ, ಪೇಂಟ್ ಕೆರೆದ ತಗಡಿಗೇ ಬಿಗಿಯಿರಿ.

ಸ್ಟೀರಿಯೋ ವೈರಿನ ಬಣ್ಣ ಬಹುತೇಕ ಹೀಗಿರುತ್ತದೆ. ಹಳದಿ ಬ್ಯಾಟರಿಗೆ, ಕೆಂಪು ಕೀಲಿಗೆ, ಕಪ್ಪು ಅರ್ಥ್‌ಗೆ, ಬಿಳಿ ಗೆರೆಯ ನೀಲಿ ಆಂಪ್ ಆನ್ ಮಾಡಲು. ಬಿಳಿ ಮತ್ತು ಬೂದು ಮುಂದಿನ ಎಡ, ಬಲ. ಹಸಿರು ಮತ್ತು ನೇರಳೆ ಹಿಂದಿನವು. ಕಪ್ಪು ಗೆರೆ ಇದ್ದದ್ದು ಮೈನಸ್. ಸ್ಪೀಕರಿನ ಪ್ಲಸ್ ಯಾವುದು ಅಂತ ಅನುಮಾನ ಬಂದರೆ ರಿಮೋಟಿನ 1.5 ವೋಲ್ಟ್ ಸೆಲ್ ಮುಟ್ಟಿಸಿ. ಕೋನ್ ಮುಂದೆ ಬಂದರೆ ಸೆಲ್ಲಿನ ಪ್ಲಸ್ ತಾಗಿದ್ದೇ ಸ್ಪೀಕರಿನ ಪ್ಲಸ್. ಒಂದು ಬಾಗಿಲು ಉಲ್ಟಾ ಆದರೂ ಬೇಸ್ ಮಾಯ.

ಎಕ್ಸಲೇಟರ್ ಒತ್ತಿದಂತೆ ಕುಂಯ್ ಅನ್ನುವ ಸದ್ದು ಏರಿದರೆ ಅದು ಆಲ್ಟರ್ನೇಟರಿನ ಗಲಾಟೆ. ಸ್ಟೀರಿಯೋದಿಂದ ಆಂಪಿಗೆ ಸೌಂಡ್ ಒಯ್ಯುವ ಆರ್‌ಸಿಎ ಕೇಬಲನ್ನು ಒಂದು ಬದಿ, ಪವರ್ ವೈರನ್ನು ಇನ್ನೊಂದು ಬದಿ ಎಳೆಯಿರಿ, ಸ್ಟೀರಿಯೋದ ಅರ್ಥ್ ಇನ್ನೊಮ್ಮೆ ನೋಡಿ. ಫಿಲ್ಟರ್ ಕೊಳ್ಳುವುದು ಕೊನೆಗೆ.

ಆಂಪಿನ ಮೇಲೆ ಗೇನ್ ಅಂತ ಒಂದು ತಿರುಪು ಇರುತ್ತದೆ, ಸ್ಟೀರಿಯೋದಿಂದ ಬರುವ ಸಿಗ್ನಲ್ಲಿಗೆ ಆಂಪನ್ನು ಹೊಂದಿಸಲು. ಅದು ವಾಲ್ಯೂಮ್ ಅಲ್ಲ. ಸ್ಪೀಕರ್ ವೈರ್ ಬಿಚ್ಚಿ, ಸ್ಟೀರಿಯೋ ವಾಲ್ಯೂಮನ್ನು ಮುಕ್ಕಾಲಿಗೆ ಇಟ್ಟು, ಮೊಬೈಲಿನಿಂದ ಒಂದೇ ಸ್ವರದ ಟೋನ್ ಹಾಕಿ. ಆಂಪಿನ ಔಟ್‌ಪುಟ್ಟಿನಲ್ಲಿ ಎಸಿ ವೋಲ್ಟ್ 14 ಬರುವ ತನಕ ಮಾತ್ರ ಗೇನ್ ತಿರುಗಿಸಿ. 4 ಓಮ್ ಸ್ಪೀಕರಿಗೆ 50 ವ್ಯಾಟ್ ಅಂದರೆ ಅಷ್ಟೇ. ಟೋನ್ 200 ಹರ್ಟ್ಸ್ ಇರಲಿ. ಆಮೇಲೆ ಬಾಗಿಲ ಸ್ಪೀಕರಿಗೆ ಹೈಪಾಸನ್ನು (ತೀರಾ ಕೆಳಗಿನ ಬೇಸ್ ತಡೆಯುವ ಸೆಟ್ಟಿಂಗ್) 80 ಹರ್ಟ್ಸಿಗೆ ಇಡಿ, ಸ್ಪೀಕರ್ ಒದ್ದಾಡುವುದು ನಿಲ್ಲುತ್ತದೆ.

ಎಲ್ಲಾ ಆದ ಮೇಲೆ ಪಿ.ಬಿ. ರೋಡಿನಲ್ಲಿ ಒಂದು ಸುತ್ತು ಹೋದೆವು. ಅಪ್ಪ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಇಂಜಿನ್ ಓಡ್ತಿದ್ರೂ ಮಾತು ಬಿಡಿಬಿಡಿಯಾಗಿ ಕೇಳ್ತೈತಲ್ಲಲೇ" ಅಂದರು. ಅವರಿಗೆ ಬೇಕಾಗಿದ್ದೂ ಅದೇ, ಹಾಡಿನ ಮಾತು ಕೇಳಬೇಕು, ಹಿಂದಿನ ಬಸ್ಸಿನ ಹಾರ್ನೂ ಕೇಳಬೇಕು.

ಒಂದು ತಿಂಗಳು ಓಡಿಸಿದ ಮೇಲೆ ಸ್ಪೀಕರ್ ಸ್ಕ್ರೂ, ಅರ್ಥ್ ಬೋಲ್ಟ್, ಬ್ಯಾಟರಿ ಟರ್ಮಿನಲ್ ಎಲ್ಲಾ ಇನ್ನೊಮ್ಮೆ ಬಿಗಿ ಮಾಡಿ. ನಮ್ಮದರಲ್ಲಿ ಎಡಗಡೆ ಬಾಗಿಲಿನ ಎರಡು ಸ್ಕ್ರೂ ಅರ್ಧ ಸುತ್ತು ಸಡಿಲ ಆಗಿದ್ದವು.